ನೀರಿನ ಪಟ್ಟಿಯ ಮೇಲೆ ಫಕೀರೇಶನ ದಂಡಯಾತ್ರೆ

ಕೃತಯುಗದಲ್ಲಿ ತಪಸ್ಸಿನಿಂದಲೂ ತ್ರೇತೆಯಲ್ಲಿ ಬಾಣದಿಂದಲೂ ದ್ವಾಪರದಲ್ಲಿ ಕಪಟದಿಂದಲೂ ಗೆಲ್ಲಲ್ಪಟ್ಟ ಈ ಲೋಕವನ್ನು ಕಲಿಯುಗದಲ್ಲಿ ಬರಿಯ ಗಂಟಲಿನಿಂದಲೇ ಗೆಲ್ಲಬಹುದೆಂದು ಅರಿತ ವಾಗ್ದೇವಿಯು, ವೀಣೆಯನ್ನು ಬದಿಗಿರಿಸಿ, ನಾಲ್ಕು ಕೈಗಳಲ್ಲಿ ಎರಡನ್ನು ಕಿವಿಗೆ ಒತ್ತಿಕೊಂಡ ಗಳಿಗೆಯಲ್ಲಿ, ಹುಣಸೀಗಟ್ಟಿ ಪಟ್ಟಣದ ಪಾತ್ರೆ ಅಂಗಡಿಯ ಮಾಳಿಗೆಯಲ್ಲಿ, ಹಸಿರು ಪರದೆಯ ಮುಂದೆ, ತಿರುಗುವ ಕುರ್ಚಿಯಲ್ಲಿ ಪಟ್ಟಾಭಿಷಿಕ್ತನಾದ ವೀರನನ್ನು ಹಾಡುತ್ತೇನೆ. ತಾಯೀ, ಕೈ ತೆಗೆ. ಸ್ವಲ್ಪ ಹೊತ್ತು ಸಾಕು.

ಅವನೇ ಕೇಬಲ್‌ವಾಹಿನೀ-ಸಾರ್ವಭೌಮ, ಮೇಜುಮರ್ದನ-ಪ್ರಚಂಡ, ಪ್ರಶ್ನಾಸ್ತ್ರಪಾರಂಗತ ಫಕೀರೇಶ ಹುಲ್ಲೂರ. ಯೌವನದಲ್ಲಿ ಆಟೊರಿಕ್ಷಾದ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಕಳೆದುಹೋದ ಎಮ್ಮೆಗಳನ್ನು ಕೂಗಿ ಕರೆದವನು; ಅನಂತರ ಮದುವೆ ಮಂಟಪಗಳಲ್ಲಿ ಉಡುಗೊರೆ ಕೊಟ್ಟವರ ಹೆಸರನ್ನು ದಿಗಂತಕ್ಕೆ ಮುಟ್ಟಿಸಿದವನು; ಕಡೆಗೆ ‘ಜಯಭೇರಿ’ ವಾಹಿನಿಯ ಸಂಜೆ ಏಳರ ಸುದ್ದಿಯನ್ನೇರಿ, ತರಕಾರಿ ಮಾರುಕಟ್ಟೆಗೆ ನುಗ್ಗಿದ ಒಂದೇ ಕೋತಿಯನ್ನು ವಾರವಿಡೀ ಮಹಾಸುದ್ದಿಯಾಗಿ ಜೀವಂತವಿಟ್ಟವನು. ಸ್ಟುಡಿಯೊ ಕನ್ನಡವನ್ನೇ ಸದಾ ಧರಿಸಿದ್ದರಿಂದ ಅದು ಅವನಿಗೆ ಕರ್ಣನ ಕವಚದಂತೆ ಮೈಗೆ ಅಂಟಿತ್ತು. ಉಪ್ಪು ಕೇಳುವಾಗಲೂ ಉತ್ತರ ಕೊಡಿ ಎಂದು ಗುಡುಗುತ್ತಿದ್ದನು.

ಇಂತಹ ವೀರನಿಗೂ ಒಬ್ಬ ವೈರಿಯಿದ್ದ. ಹುಣಸೀಗಟ್ಟಿಯ ನಲ್ಲಿಗಳಲ್ಲಿ ನೀರು ಬರುವುದು ಎಂಟು-ಹತ್ತು ದಿನಕ್ಕೊಮ್ಮೆ. ಯಾವ ಓಣಿಗೆ ಯಾವಾಗ ಎಂಬ ರಹಸ್ಯ ನೀರು ಬಿಡುವವನಿಗೆ ಮಾತ್ರ ಗೊತ್ತು. ಅವನು ಫೋನಿನಲ್ಲಿ ಹೇಳಿದ್ದನ್ನು ಕ್ಯಾಮೆರಾ ನಡೆಸುವ ದಾವಲಸಾಬ ಟೈಪು ಮಾಡಿ, ಸುದ್ದಿಯ ಹೊತ್ತಿನಲ್ಲಿ ಟಿವಿ ಪರದೆಯ ಬುಡದಲ್ಲಿ ಹಳದಿ ಪಟ್ಟಿಯಾಗಿ ಓಡಿಸುತ್ತಿದ್ದ. ಆ ಪಟ್ಟಿಯೇ ವೈರಿ. ಅದರ ಹಿಂದೆಯೇ ವೀರನ ಮೇಜು, ಮೇಜಿನ ಮೇಲೆ ಅವನ ವಜ್ರಮುಷ್ಟಿ. ಅವನು ಗುದ್ದಿದ ಒಂದು ಗುದ್ದನ್ನೂ ಊರು ಕಂಡಿರಲಿಲ್ಲ.

ಹೀಗಿರಲು ವಾಹಿನಿಯ ಒಡೆಯನೂ ಕೆಳಗಿನ ಪಾತ್ರೆ ಅಂಗಡಿಯ ಮಾಲೀಕನೂ ಆದ ಅಂದಾನೆಪ್ಪ ಒಂದು ದಿನ ಮೆಟ್ಟಿಲು ಹತ್ತಿ ಬಂದು ಹೇಳಿದ: “ತಮ್ಮಾ ಫಕೀರೇಶ, ನಿನ್ನ ಯಾರರ ನೋಡ್ತಾರೋ ಇಲ್ಲೋ ನನಗ ಅನುಮಾನ ಬಂದೈತಿ. ಏಳಕ್ಕ ಭಜನಿ ಹಾಕೂಣು ಅಂತ ಮಾಡೇನಿ. ನೀ ಕೆಳಗ ಅಂಗಡ್ಯಾಗ ಕುಂದ್ರು. ದನಿ ಐತಿ, ಗಿರಾಕಿ ಕರದೀ.”

ಸಿಂಹಾಸನವೇ ಅಲುಗಿತು. ವೀರನು ಕೋಟಿನ ಗುಂಡಿ ಹಾಕಿಕೊಂಡು ನಿಂತನು.

“ಕೇಳಿ, ಅಂದಾನೆಪ್ಪನವರೇ! ಯಾವ ಕಂಠಕ್ಕೆ ತಾಲೂಕು ನಡುಗುವುದೋ, ಯಾವ ತರ್ಜನಿಗೆ ಅಧಿಕಾರಿಗಳು ಬೆವರುವರೋ, ಆ ನನ್ನನ್ನು ಒಂದು ಹಳದಿ ಪಟ್ಟಿ ಸೊಂಟದವರೆಗೆ ಹೂತಿಟ್ಟಿದೆ. ಒಂದೇ ಸಂಜೆ ಅದನ್ನು ತೆಗೆಯಿರಿ. ಫೋನುಗಳು ಸಿಡಿಲಿನಂತೆ ಮೊಳಗದಿದ್ದರೆ ನಾನೇ ಈ ಕುರ್ಚಿಯನ್ನು ತ್ಯಜಿಸಿ ಕೊಳಗಗಳ ನಡುವೆ ಕೂರುವೆನು.”

“ಪಟ್ಟಿ ತಗದ್ರ ಮಂದಿ ಬೈತಾರ್ರಿ, ಸರ,” ಎಂದ ದಾವಲಸಾಬ.

“ಬೈಯಲಿ. ಬೈಯಲು ನನ್ನನ್ನು ನೋಡಲೇಬೇಕಲ್ಲ!”

ಅಂದು ಏಳಕ್ಕೆ, ಪಟ್ಟಿಯೆಂಬ ರಾಹು ತೊಲಗಿದ ಪರದೆಯಲ್ಲಿ ಫಕೀರೇಶನು ಸೊಂಟಸಮೇತನಾಗಿ ಉದಯಿಸಿದನು. ಬಸ್ ನಿಲ್ದಾಣದ ಎದುರಿನ ರಸ್ತೆಯುಬ್ಬೇ ಅಂದಿನ ಮಹಾಸುರ. ಈ ಉಬ್ಬನ್ನು ಹೆತ್ತವರಾರು, ಇದಕ್ಕೆ ಬಣ್ಣ ಬಳಿಯದ ಮೌನದ ಹಿಂದಿನ ಕೈಗಳಾವುವು ಎಂದು ಕೇಳುತ್ತ, ಪ್ರಶ್ನೆಗೊಂದು ಗುದ್ದಿನಂತೆ ಮೇಜನ್ನು ಮರ್ದಿಸಿದನು. ನೀರಿನ ಲೋಟ ಹಾರಿತು. ಫೋನ್ ಮೊಳಗಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಅಂದಾನೆಪ್ಪನ ಬಾಯಿ ತೆರೆದೇ ಇತ್ತು. ವಿಜಯಘೋಷವನ್ನು ಊರೇ ಕೇಳಲೆಂದು ವೀರನು ಮೊದಲ ಕರೆಯನ್ನು ನೇರಪ್ರಸಾರಕ್ಕೇ ತೆಗೆದುಕೊಂಡನು.

“ಹೇಳಿ ತಾಯೀ, ನಿಮ್ಮ ಆಕ್ರೋಶವನ್ನು ಹೇಳಿ.”

“ಕುಂಬಾರ ಓಣಿಗೆ ಈವತ್ತ ನೀರ ಬಿಡ್ತಾರೇನ್ರಿ? ಪಟ್ಟಿ ಬರವಲ್ದು.”

“ತಾಯೀ, ರಸ್ತೆಯುಬ್ಬಿನ ಬಗ್ಗೆ ನನ್ನ ಮಾತು ಕೇಳಿದಿರಾ?”

“ಇಲ್ರಿ, ನಾವು ದನಿ ಬಂದ್ ಇಟ್ಟಿರತೀವಿ. ನಮ್ಮ ಅತ್ತ್ಯಾರಿಗೆ ತಲಿ ನೋಯತೈತಿ. ಪಟ್ಟಿ ಓದಾಕ ದನಿ ಯಾಕ ಬೇಕ್ರಿ?”

ಎರಡನೆಯದು ಮುದುಕರೊಬ್ಬರದು. “ತಮ್ಮಾ, ನೀ ಬಾಯಿ ತಗಿಯೂದು ಕಾಣತೈತಿ, ಏನ್ ನುಂಗಾಕತ್ತೀಪಾ? ಸ್ವಲ್ಪ ಬಾಜೂಕ ಸರಿ. ಪಟ್ಟಿ ನಿನ್ನ ಹಿಂದ ಸಿಕ್ಕೊಂಡೈತೇನ ನೋಡು.”

ವೀರನು ಅರಿವಿಲ್ಲದೆ ಹಿಂತಿರುಗಿ ನೋಡಿದನು. ಹಸಿರು ಪರದೆ ಮಾತ್ರ ಇತ್ತು. ಬಳಿಕ ಬಂದ ಕರೆಗಳೆಲ್ಲ ಒಂದೊಂದು ಓಣಿಯ ಹೆಸರು ಹೇಳಿ ಕಾದವು. ಅವುಗಳ ನಡುವೆ ಒಂದು ದನಿ, “ನಾನ್ರಿ,” ಎಂದಿತು. ಅದು ಅವನ ಹೆಂಡತಿ ಕಸ್ತೂರಿ. “ನಮ್ಮ ಓಣಿದು ಯಾವಾಗಂತ? ಹಂಡೆ ಖಾಲಿ ಆಗೈತಿ.”

ಆಗ ಕವಚ ಕಳಚಿ ಬಿತ್ತು. “ಕಸ್ತೂರಿ,” ಅವನು ಮೆಲ್ಲಗೆ ಕೇಳಿದ, “ನೀನೂ ದನಿ ಬಂದ್ ಇಟ್ಟೀಯೇನ?”

ಆ ಪ್ರಶ್ನೆಯನ್ನು ಇಡೀ ಹುಣಸೀಗಟ್ಟಿ ಕೇಳಬಹುದಾಗಿತ್ತು, ದನಿ ಇಟ್ಟಿದ್ದರೆ.

“ಮನ್ಯಾಗ ಕೇಳತೇನಲ್ರಿ, ದಿನಾ,” ಎಂದಳು.

ವೀರನು ಕೋಟು ಬಿಚ್ಚಿ, ಮಡಚಿ, ತನ್ನ ಪ್ರತಿಜ್ಞೆಯಂತೆ ಕೆಳಗಿನ ಕೊಳಗಗಳತ್ತ ಹೊರಟನು. ಮೆಟ್ಟಿಲ ಬಳಿ ಅಂದಾನೆಪ್ಪ ತಡೆದ.

“ಎಲ್ಲಿಗ್ಯೋ? ಇಷ್ಟ್ ಮಂದಿ ನಮ್ಮ ಚಾನಲ್ ನೋಡ್ತಾರಂತ ನನಗ ಗೊತ್ತಽ ಇರಲಿಲ್ಲ. ಭಜನಿ ಬ್ಯಾಡ. ಪಟ್ಟಿ ದೊಡ್ಡದ ಮಾಡೂಣು.”

“ಹಂಗಾದ್ರ ನಾ ಯಾಕ್ರಿ?”

“ಬರೇ ಪಟ್ಟಿ ಓಡಿದ್ರ ಮಂದಿ ಟಿವಿ ಕೆಟ್ಟೈತಿ ಅಂತ ತಿಳಕೋತಾರ. ಹಿಂದ ಯಾರರ ಕುಂತಿರಬೇಕು. ನೀ ಕುಂದ್ರು.”

ಹೀಗೆ ಸಿಂಹಾಸನ ಉಳಿಯಿತು. ಮರುಸಂಜೆ ಹಳದಿ ಪಟ್ಟಿ ವೀರನ ಟೈಯ ಗಂಟಿನವರೆಗೆ ಏರಿತ್ತು. ಅದರ ಮೇಲೆ ಉಳಿದಿದ್ದ ಶಿರಸ್ಸಿನಿಂದ ಫಕೀರೇಶನು ಗುಡುಗಿದನು: “ಹುಣಸೀಗಟ್ಟಿಯ ಮಹಾಜನತೆಯೇ, ಈ ದೇಹದಲ್ಲಿ ಕಟ್ಟಕಡೆಯ ಉಸಿರಿರುವವರೆಗೂ ನಾನು...”

ಅಷ್ಟರಲ್ಲಿ ಎದುರಿನ ಟಿವಿ ಪರದೆಯಲ್ಲಿ ಅವನ ಕಣ್ಣಿಗೆ ಬಿತ್ತು: ಬಣಗಾರ ಓಣಿ, ಈಗ. ಅವನದೇ ಓಣಿ. ವೀರನು ಮಾತನ್ನು ಅಲ್ಲಿಗೇ ನಿಲ್ಲಿಸಿದನು. ಪಟ್ಟಿಯ ಮರೆಯಲ್ಲಿ ಕೈ ಜೇಬಿಗಿಳಿದು ಫೋನ್ ತೆಗೆದು, ನಲ್ಲಿಗೆ ಕೊಡ ಹಚ್ಚು ಎಂದು ಕಸ್ತೂರಿಗೆ ಬರೆಯಿತು. ಉತ್ತರ ಬಂತು: ಹಚ್ಚೇನಿ, ಕೆಂಪು ನೀರ ಬರಾಕತ್ತೈತಿ. ಸ್ವಲ್ಪ ಹರಿಯಾಕ ಬಿಡು ಎಂದು ಅವನು ಮರಳಿ ಬರೆದನು. ಬಳಿಕ ತಲೆಯೆತ್ತಿ, ಪ್ರತಿಜ್ಞೆಯನ್ನು ಎಲ್ಲಿಗೆ ಬಿಟ್ಟಿದ್ದೆನೆಂದು ಹುಡುಕಿ, ಸಿಗದೆ, ಒಂದು ಚಿಕ್ಕ ವಿರಾಮ ತೆಗೆದುಕೊಂಡನು.