ಹದಿನಾಲ್ಕನೇ ಕೋಣೆಯ ಎರಡನೇ ಮಂಚ

ಸಹಿಯಿಲ್ಲದ ಒಂದು ಕಾಗದವನ್ನು ನಂಬಿ ವಾರ್ಡನ್ ಮೇಡಂ ಹದಿನಾಲ್ಕನೇ ಕೋಣೆಯ ಇಬ್ಬರು ಗೆಳತಿಯರನ್ನು ಬೇರೆ ಮಾಡಿದರು. ಇಬ್ಬರಲ್ಲಿ ಒಬ್ಬಳನ್ನೂ ಕರೆದು ಕೇಳಲಿಲ್ಲ.

ಹತ್ತನೆಯ ದಿನ ಬೆಳಗ್ಗೆ ಮೇಡಂ ಮನೆಯ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಹಾಲಿನ ಪೊಟ್ಟಣದ ಪಕ್ಕ ಒಂದು ಅರ್ಜಿ ಬಿದ್ದಿತ್ತು. ಮನೆ ಎಂದರೆ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿನ ಕೆಳಮಹಡಿಯಲ್ಲಿ, ಕಾರಿಡಾರಿನ ತುದಿಗೆ ಆಮೇಲೆ ನೆನಪಾಗಿ ಅಂಟಿಸಿದಂತಿದ್ದ ಎರಡು ಕೋಣೆ, ಒಂದು ಅಡುಗೆಮನೆ. ವಾರ್ಡನ್ ಆದವರು ಅಲ್ಲೇ ವಾಸವಿರಬೇಕೆಂಬುದು ನಿಯಮ. ಇನ್ನೂರ ಹನ್ನೆರಡು ಹುಡುಗಿಯರ ಜ್ವರ, ಜಗಳ, ಕಳೆದುಹೋದ ಬೀಗದ ಕೈ, ಮುರಿದ ನಲ್ಲಿ ಎಲ್ಲವೂ ಮೊದಲು ತಟ್ಟುವುದು ಆ ಬಾಗಿಲನ್ನೇ. ಅದಕ್ಕೆ ಒಳಗಿನಿಂದ ಚಿಲಕವೂ ಇದೆ ಎಂಬುದು ಮೇಡಂಗೆ ಮರೆತೇ ಹೋಗಿತ್ತು.

ಅರ್ಜಿ ಗಿಣಿಯದು. ಹಲ್ಲುಜ್ಜುವಾಗಲೂ ನೊರೆಯ ನಡುವಿನಿಂದ ಕತೆ ಹೇಳುತ್ತಿದ್ದುದರಿಂದ ಹಾಸ್ಟೆಲಿನವರೆಲ್ಲ ಸೇರಿ ಇಟ್ಟ ಹೆಸರು ಅದು. ಹಾಸ್ಟೆಲು, ಕಾಲೇಜು ಎರಡನ್ನೂ ಬಿಡುತ್ತಿದ್ದೇನೆ, ಸೋದರಮಾವ ಸಂಜೆ ನಾಲ್ಕಕ್ಕೆ ಬರುತ್ತಾರೆ, ದಯವಿಟ್ಟು ಸಹಿ ಮಾಡಿ ಎಂದು ಬರೆದಿದ್ದಳು. ಗಿಣಿಯ ಮಾತು ಮೂರು ಸಾಲಿಗೆ ಮುಗಿದುದನ್ನು ಮೇಡಂ ಕಂಡದ್ದು ಅದೇ ಮೊದಲು.

ಕೊನೆಯ ಪರೀಕ್ಷೆಗೆ ಮೂರು ತಿಂಗಳು ಬಾಕಿ. ಅವಳ ಮನೆಯ ಕಡೆ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಇಲ್ಲಿಂದ ಹೊರಟಳೆಂದರೆ ಊರಲ್ಲಿ ಮಾವನ ಕಬ್ಬಿಣದ ಅಂಗಡಿಯೂ ಮೊಳೆ ತೂಗುವ ತಕ್ಕಡಿಯೂ ಕಾಯುತ್ತಿದ್ದವು. ಅಲ್ಲಿಗೆ ಹೋದವರು ತಿರುಗಿ ಪುಸ್ತಕ ಹಿಡಿದದ್ದಿಲ್ಲ.

ಮೇಡಂ ಹಾಲನ್ನು ಅಲ್ಲೇ ಬಿಟ್ಟು ಹದಿನಾಲ್ಕಕ್ಕೆ ಓಡಿದರು. ಗಿಣಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಒಂಬತ್ತು ದಿನದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ಮೇಡಂ ತಿಳಿಹೇಳಿದರು, ಗದರಿದರು, ಪರೀಕ್ಷೆಯ ವೇಳಾಪಟ್ಟಿಯನ್ನೂ ಬಾಯಿಪಾಠ ಒಪ್ಪಿಸಿದರು. ಗಿಣಿ ತಲೆ ಎತ್ತದೆ ಒಂದೇ ಮಾತು ಹೇಳಿದಳು.

"ಯಾರಿಗೆ ತೊಂದರೆ ಆಯ್ತು ಅಂತ ಹೇಳಿಬಿಡಿ ಮೇಡಂ, ಅವರ ಹತ್ರ ಹೋಗಿ ತಪ್ಪಾಯ್ತು ಅಂತೀನಿ. ಯಾರು ಅಂತ ಗೊತ್ತಿಲ್ಲದೆ ದಿನಾ ಊಟದ ಸಾಲಲ್ಲಿ ಒಬ್ಬೊಬ್ಬರ ಮುಖ ನೋಡ್ತೀನಿ, ಇವಳಾ, ಇವಳಾ ಅಂತ. ಅನ್ನ ಇಳಿಯಲ್ಲ."

ಮೇಡಂಗೂ ಗೊತ್ತಿರಲಿಲ್ಲ. ಹದಿನಾಲ್ಕನೇ ಕೋಣೆಯಲ್ಲಿ ಹೊತ್ತುಗೊತ್ತಿಲ್ಲದೆ ಮಾತು, ಓದಿಗೂ ಇಲ್ಲ ನಿದ್ದೆಗೂ ಇಲ್ಲ, ಅವರಿಬ್ಬರನ್ನು ಬೇರೆ ಮಾಡಿ ಎಂದು ಟೈಪು ಮಾಡಿದ ಕಾಗದ ದೂರುಪೆಟ್ಟಿಗೆಯಲ್ಲಿ ಸಿಕ್ಕಿತ್ತು, ಅಷ್ಟೆ. ಪೆಟ್ಟಿಗೆಯಲ್ಲಿ ಬಿದ್ದ ದೂರಿಗೆ ಮೂರು ದಿನದೊಳಗೆ ಕ್ರಮ ಕೈಗೊಳ್ಳತಕ್ಕದ್ದು ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಹೋಗಿ ವಿಚಾರಿಸತಕ್ಕದ್ದು ಎಂದು ಅದರಲ್ಲಿ ಇರಲಿಲ್ಲ. ಮೇಡಂ ಕ್ರಮ ಕೈಗೊಂಡರು. ಗಿಣಿಯ ಜೊತೆಗಾತಿಯನ್ನು ಮೂವತ್ತೊಂದಕ್ಕೆ ಕಳಿಸಿ, ಅಲ್ಲಿದ್ದ ಕಾನೂನು ಓದುವ ಹುಡುಗಿಯನ್ನು ಹದಿನಾಲ್ಕಕ್ಕೆ ತಂದರು. ಹದಿನೈದು ನಿಮಿಷದ ಕೆಲಸ.

ಈಗ ಅದನ್ನು ತಿರುಗಾಮುರುಗಾ ಮಾಡಿದರಾಯಿತು, ಅದೂ ಹದಿನೈದು ನಿಮಿಷ ಎಂದುಕೊಂಡು ಮೇಡಂ ಗಿಣಿಗೆ ಮಾತು ಕೊಟ್ಟರು. ಮಧ್ಯಾಹ್ನದೊಳಗೆ ನಿನ್ನ ಗೆಳತಿ ನಿನ್ನ ಪಕ್ಕದ ಮಂಚದಲ್ಲಿರುತ್ತಾಳೆ, ಟ್ರಂಕು ಬಿಚ್ಚು ಎಂದರು. ಗಿಣಿ ಬಿಚ್ಚಲಿಲ್ಲ. ತುಂಬುವುದನ್ನು ಮಾತ್ರ ನಿಲ್ಲಿಸಿದಳು.

ಮೂವತ್ತೊಂದು ಮೇಲಿನ ಮಹಡಿಯ ಮೂಲೆಯ ಕೋಣೆ, ನೀರಿನ ತೊಟ್ಟಿಯ ನೇರ ಕೆಳಗೆ. ತೊಟ್ಟಿ ಸೋರಿ ಒಂದು ಮಂಚದ ಮೇಲೆ ಬೇಸಿಗೆಯಲ್ಲೂ ತೊಟತೊಟ ಹನಿಯುತ್ತಿತ್ತು. ದುರಸ್ತಿಯ ಕೋರಿಕೆ ಮೂರು ವರ್ಷದಿಂದ ಎಂಜಿನಿಯರ್ ವಿಭಾಗದಲ್ಲಿ ಒಣಗುತ್ತಿತ್ತು. ಆ ಮಂಚದ ಮೇಲೆ, ಹೊಟ್ಟೆಯ ಮೇಲೊಂದು ಬಕೆಟ್ಟು ಇಟ್ಟುಕೊಂಡು ಗಿಣಿಯ ಗೆಳತಿ ಮಲಗಿದ್ದಳು. ಇವಳಿಗೆ ಮೌನಿ ಎಂದು ಹೆಸರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಈ ಒಂಬತ್ತು ದಿನದಲ್ಲಿ ಒಂದು ದೂರೂ ಹೇಳಿರಲಿಲ್ಲ. ಅಯ್ಯೋ ಕೂಸೇ, ಒಳಗೊಳಗೇ ಎಷ್ಟು ಕೊರಗಿದೆಯೋ ಎಂದುಕೊಂಡು ಮೇಡಂ ಬಕೆಟ್ಟನ್ನು ಎತ್ತಿ ಕೆಳಗಿಟ್ಟರು.

"ಮಧ್ಯಾಹ್ನದೊಳಗೆ ನಿನ್ನನ್ನ ನಿನ್ನ ಹಳೇ ಕೋಣೆಗೆ ಸೇರಿಸ್ತೀನಿ. ನನ್ನದು ತಪ್ಪಾಯ್ತಮ್ಮ," ಎಂದರು.

ಮೌನಿ ಎದ್ದು ಕೂತು ಬಾಯಿ ತೆರೆದಳು. ಅಷ್ಟರಲ್ಲಿ ಮೇಡಂ ಆಗಲೇ ಮೆಟ್ಟಿಲಲ್ಲಿದ್ದರು.

ಕಾನೂನು ಓದುವ ಹುಡುಗಿ ವಾಪಸು ಹೋಗಲು ಒಪ್ಪಲಿಲ್ಲ. ದಿಂಬಿನಡಿಯಿಂದ ಹಾಸ್ಟೆಲಿನ ನಿಯಮಾವಳಿ ತೆಗೆದಳು. ಬೇರೆಯವರು ಅಲ್ಲಿ ಹಳೆಯ ಫೋಟೋ ಇಟ್ಟುಕೊಂಡಿರುತ್ತಾರೆ. ಒಂದೇ ವರ್ಷದಲ್ಲಿ ನಿವಾಸಿಯನ್ನು ಒಪ್ಪಿಗೆಯಿಲ್ಲದೆ ಎರಡು ಬಾರಿ ಸ್ಥಳಾಂತರಿಸತಕ್ಕದ್ದಲ್ಲ ಎಂದು ಓದಿ, ಕೆಳಗೆ ಮೇಡಂ ಸಹಿಯನ್ನೇ ಮೇಡಂಗೆ ತೋರಿಸಿದಳು. ತೊಟ್ಟಿಯ ಕೆಳಗೆ ಎರಡು ವರ್ಷ ನೆಂದಿದ್ದೇನೆ, ಒಂಬತ್ತನೇ ನಂಬರು ಕೊಟ್ಟರೆ ಒಪ್ಪಿಗೆ ಎಂದಳು. ಮೇಡಂ ಒಂಬತ್ತಕ್ಕೆ ಹೊರಟರು.

ಒಂಬತ್ತರಲ್ಲಿ ಈಟಿ ಎಸೆಯುವ ಹುಡುಗಿ ಇದ್ದಳು. ಇಪ್ಪತ್ತಾರರ ಮುಂದಿನ ಕಾರಿಡಾರು ನೇರವಾಗಿದೆ, ಅಲ್ಲಿ ಈಟಿ ಮಲಗಿಸಬಹುದು, ಅದನ್ನು ಕೊಟ್ಟರೆ ಈಗಲೇ ಹೊರಟೆ ಎಂದಳು. ಇಪ್ಪತ್ತಾರರಲ್ಲಿ ವೈದ್ಯಕೀಯ ಓದುವ ಹುಡುಗಿ ಮತ್ತು ಅವಳು ಕಾಲೇಜಿನಿಂದ ಸಹಿ ಮಾಡಿ ತಂದ ಒಂದು ಅಸ್ಥಿಪಂಜರ. ಅವಳು ಮೂವತ್ತೊಂದನ್ನು ನೋಡಿ ಬಂದು, ತನಗೆ ನೀರು ಬಿದ್ದರೆ ಒರೆಸಿಕೊಳ್ಳಬಹುದು, ಮೂಳೆಗೆ ಬೂಷ್ಟು ಹಿಡಿದರೆ ಜವಾಬ್ದಾರಿ ಯಾರದು ಎಂದಳು.

ಹಾಸ್ಟೆಲಿನ ಗುಮಾಸ್ತ ಹಿಂದೆಯೇ ಬರುತ್ತಿದ್ದ. ಕೈಯಲ್ಲಿ ಕೋಣೆಗಳ ರಿಜಿಸ್ಟರು, ಕಿವಿಯ ಮೇಲೆ ಪೆನ್ಸಿಲ್ಲು. ಯಾರ ಮನೆಯದೋ ಮದುವೆಗೆ ಬಂದವನಷ್ಟು ಖುಷಿಯಾಗಿದ್ದ. ಪ್ರತಿ ಕೋಣೆಯಲ್ಲೂ ಒಂದು ಸಲಹೆ ಕೊಟ್ಟು, ಪ್ರತಿ ಸಲಹೆಗೂ ಒಬ್ಬಳನ್ನು ಹೆಚ್ಚು ಕೆರಳಿಸುತ್ತಿದ್ದ. ಕೊನೆಗೆ ಅವನೇ ಕೆಳಮಹಡಿಯ ಬೀಗ ಹಾಕಿದ ಎರಡು ಕೋಣೆಗಳತ್ತ ಪೆನ್ಸಿಲ್ಲು ತೋರಿಸಿದ. ಗಣ್ಯ ಅತಿಥಿಗಳಿಗೆಂದು ಮೀಸಲಿಟ್ಟವು. ಒಳಗೆ ಮಂಚಕ್ಕೆ ಪ್ಲಾಸ್ಟಿಕ್ಕು ಹೊದಿಸಿತ್ತು, ಕಿಟಕಿಗೆ ರೇಷ್ಮೆ ಪರದೆ ಇತ್ತು. ಮೇಡಂ ಕುಲಸಚಿವರಿಗೆ ಫೋನ್ ಮಾಡಿ ಒಂದರ ಕೀಲಿ ಬೇಡಿದರು.

"ನಾಳೆ ಗಣ್ಯರು ಬಂದರೆ ಏನ್ರೀ ಮಾಡ್ತೀರಿ?"

"ಏಳು ವರ್ಷದಿಂದ ಯಾರೂ ಬಂದಿಲ್ಲ ಸರ್."

"ಅದಕ್ಕೇ ಹೇಳ್ತಿರೋದು. ಏಳು ವರ್ಷ ಬಂದಿಲ್ಲ ಅಂದ್ರೆ ಇನ್ನು ಯಾವಾಗ ಬೇಕಾದರೂ ಬರಬಹುದು."

ಇನ್ನೂರ ಹನ್ನೆರಡು ಜನ ಸ್ನಾನಕ್ಕೆ ಸಾಲು ನಿಲ್ಲುವ ಕಟ್ಟಡದಲ್ಲಿ, ಇನ್ನೂ ಹುಟ್ಟದ ಗಣ್ಯನಿಗೆ ಎರಡು ಬಚ್ಚಲು ಖಾಲಿ ಇದ್ದವು. ಮೇಡಂ ಫೋನು ಇಟ್ಟರು. ಸಿಟ್ಟು ಬಂತು, ಬಂದ ಸಿಟ್ಟನ್ನು ಹೇಗೆ ಖರ್ಚು ಮಾಡುವುದೆಂದು ತಿಳಿಯದೆ ಗುಮಾಸ್ತನ ಪೆನ್ಸಿಲ್ಲು ಕಿತ್ತುಕೊಂಡರು. ಇಪ್ಪತ್ತಾರರ ಹುಡುಗಿಯ ಹೆಸರಿನ ಮುಂದೆ 'ವಾರ್ಡನ್ ನಿವಾಸ' ಎಂದು ತಾವೇ ಬರೆದರು.

ಊಟದ ಹೊತ್ತಿಗೆ ಹಾಸ್ಟೆಲು, ಗೂಡಿಗೆ ನೀರು ನುಗ್ಗಿದ ಇರುವೆಗಳಂತಾಗಿತ್ತು. ಮೇಲಿನಿಂದ ಹಾಸಿಗೆ ಇಳಿಯುತ್ತಿತ್ತು, ಕೆಳಗಿನಿಂದ ಹಾಸಿಗೆ ಏರುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಈಟಿ ಅಡ್ಡಡ್ಡ ಸಿಕ್ಕಿಕೊಂಡು ಮುಕ್ಕಾಲು ಗಂಟೆ ಹಿಂದೂ ಇಲ್ಲ ಮುಂದೂ ಇಲ್ಲ. ಅದರ ಕೆಳಗೆ ಅಸ್ಥಿಪಂಜರವನ್ನು ಎತ್ತಿಕೊಂಡ ಹುಡುಗಿ, ಅವಳ ಹಿಂದೆ ನಿಯಮಾವಳಿ ಓದುತ್ತಾ ಇನ್ನೊಬ್ಬಳು. ಗುಮಾಸ್ತ ಈಟಿಯ ಮೇಲೆ ಕೈಯೂರಿ, ಗರಗಸ ತರಲೇ ಎಂದು ಕೇಳಿದ್ದಕ್ಕೆ ಈಟಿಯವಳು ನೋಡಿದ ನೋಟದಿಂದ ಮೂರು ಮೆಟ್ಟಿಲು ಒಟ್ಟಿಗೆ ಇಳಿದ.

ಮೇಡಂ ಮನೆಯಲ್ಲಿ ಒಳಕೋಣೆ ಅವರ ಅತ್ತೆಯದು. ಮೂಳೆಯವಳು ಅಲ್ಲಿಗೆ, ಅತ್ತೆ ಹೊರಕೋಣೆಗೆ, ಮೇಡಂ ಅಡುಗೆಮನೆಯ ನೆಲಕ್ಕೆ ಎಂದು ತೀರ್ಮಾನವಾಯಿತು. ಅತ್ತೆ ರಂಪ ಮಾಡಿಬಿಡುತ್ತಾರೆ ಎಂದು ಹೆದರುತ್ತಲೇ ಒಳಗೆ ಹೋದರೆ, ಅವರು ಕುರ್ಚಿ ಎಳೆದುಕೊಂಡು ಅಸ್ಥಿಪಂಜರದ ಎದುರು ಕೂತು ತಮ್ಮ ಮಂಡಿನೋವಿನ ಕತೆ ಹೇಳುತ್ತಿದ್ದರು.

"ಇರಲಿ ಬಿಡೆ," ಎಂದರು ಸೊಸೆಗೆ. "ಈ ಮನೇಲಿ ನನ್ನ ಮಾತನ್ನ ಕೊನೇವರೆಗೂ ಕೇಳಿದೋನು ಇವನೊಬ್ಬನೇ."

ಮೂರೂವರೆಗೆ ಹದಿನಾಲ್ಕನೇ ಕೋಣೆಯ ಎರಡನೇ ಮಂಚ ಖಾಲಿಯಾಯಿತು. ಬರಿಯ ಹಲಗೆ ಕಂಡದ್ದೇ ತಡ, ಗಿಣಿಗೆ ಒಂಬತ್ತು ದಿನದ ಮಾತು ಒಟ್ಟಿಗೆ ಬಂತು. ಕೋಣೆ ಗುಡಿಸಿದಳು, ಗುಡಿಸುತ್ತಾ ಪೊರಕೆಗೆ ಕತೆ ಹೇಳಿದಳು. ತನ್ನದೇ ಒಳ್ಳೆಯ ಹೊದಿಕೆಯನ್ನು ತೆಗೆದು ಗೆಳತಿಯ ಮಂಚಕ್ಕೆ ಹಾಸಿದಳು. ಬಾಗಿಲ ಹೊರಗೆ ಮೇಡಂ ಗೋಡೆಗೊರಗಿ ಕೇಳುತ್ತ ನಿಂತರು. ಬೆನ್ನು ಮುರಿದುಹೋಗಿತ್ತು. ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಆದರೂ, ಮಾಡಿದ ತಪ್ಪನ್ನು ಅಳಿಸಲು ಒಂದು ದಿನ ಸಾಕಾಯಿತಲ್ಲ ಎಂದು ಕಣ್ಣಂಚು ಒದ್ದೆಯಾಯಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಗೇಟಿನಲ್ಲಿ ಸೋದರಮಾವನ ವ್ಯಾನು ನಿಂತಿತು. ಮೇಡಂ ಓಡಿಹೋಗಿ ವಿಷಯ ತಿಳಿಸಿದರು. ಮಾವ ಒಳ್ಳೆಯವನೇ. ಅವಳು ಇರುತ್ತೇನೆಂದರೆ ತನಗಿಂತ ಸಂತೋಷಪಡುವವರಿಲ್ಲ ಎಂದ.

"ಆದ್ರೆ ಮೇಡಂನೋರೆ, ದಿನಾ ಅಳ್ತಾ ಫೋನ್ ಮಾಡ್ತಾಳೆ. ಗೆಳತಿ ಬಂದಳು ಅಂತ ಅವಳ ಬಾಯಲ್ಲೇ ಕೇಳಿ ಹೋಗ್ತೀನಿ. ಇಲ್ದಿದ್ರೆ ಕರ್ಕೊಂಡೇ ಹೋಗೋದು. ಓದು ಅಂತ ಮಗೂನ ಕೊಲ್ಲೋಕಾಗುತ್ತಾ?"

ಹತ್ತು ನಿಮಿಷ ಕೊಡಿ ಎಂದು ಮೇಡಂ ವಾಪಸು ಓಡಿದರು. ಈಟಿಯವಳು ಮೌನಿಯ ಟ್ರಂಕನ್ನು ಹೆಗಲ ಮೇಲೆ ಹೊತ್ತು ತಂದು ಬಾಗಿಲ ಹೊರಗಿಟ್ಟು ಹೋಗಿದ್ದಳು. ಹಿಂದೆ ಮೌನಿ, ದಿಂಬನ್ನು ಎದೆಗೆ ಅವುಚಿಕೊಂಡು, ಬಾಗಿಲಿಗೆ ಮೂರು ಮಾರು ದೂರದಲ್ಲಿ ನಿಂತಿದ್ದಳು.

"ಒಳಗೆ ಹೋಗಮ್ಮ, ಕಾಯ್ತಿದ್ದಾಳೆ."

ಮೌನಿ ಅಲುಗಲಿಲ್ಲ. ಮೇಡಂ ಅವಳ ಬೆನ್ನ ಮೇಲೆ ಕೈಯಿಟ್ಟರು.

"ಆ ಕಾಗದ ಬರೆದಿದ್ದು ನಾನು ಮೇಡಂ," ಎಂದಳು ಮೌನಿ.

ಮೇಡಂ ಕೈ ಅಲ್ಲೇ ಉಳಿಯಿತು.

ಆಮೇಲೆ ಮೌನಿ ತನ್ನ ಜನ್ಮದಲ್ಲೇ ಆಡದಷ್ಟು ಮಾತನ್ನು ಪಿಸುದನಿಯಲ್ಲಿ ಆಡಿದಳು. ಗಿಣಿಯಂಥ ಒಳ್ಳೆಯವಳು ಇನ್ನೊಬ್ಬಳಿಲ್ಲ. ತನಗೆ ಜ್ವರ ಬಂದಾಗ ಹನ್ನೊಂದು ದಿನ ಹಣೆಗೆ ಬಟ್ಟೆ ಹಾಕುತ್ತ ಕೂತವಳು. ಹನ್ನೊಂದು ದಿನವೂ ಮಾತಾಡುತ್ತಲೇ ಇದ್ದವಳು. ಓದುತ್ತ ಕೂತರೆ ಏನು ಓದುತ್ತಿದ್ದೀಯ ಎಂದು ಕೇಳುತ್ತಾಳೆ, ಕಣ್ಣು ಮುಚ್ಚಿದರೆ ನಿದ್ದೆ ಬಂತಾ ಎಂದು ಕೇಳುತ್ತಾಳೆ. ಮೂರು ವರ್ಷದಿಂದ ತಲೆಯೊಳಗೆ ತನ್ನದೇ ದನಿ ಕೇಳಿಸಿಲ್ಲ. ಇಲ್ಲೇ ಇದ್ದರೆ ಪರೀಕ್ಷೆಗೆ ಕೂರುವುದು ತನ್ನ ದೇಹ ಮಾತ್ರ. ಕೋಣೆ ಬದಲಿಸಿ ಎಂದು ಹೆಸರು ಹಾಕಿ, ಸಹಿ ಹಾಕಿ, ಮೇಡಂ ಕೈಗೇ ಮೂರು ಸಲ ಅರ್ಜಿ ಕೊಟ್ಟಿದ್ದಳು.

"ಮೂರೂ ವಾಪಸು ಬಂದವು. 'ಕಾರಣ ಸಾಲದು' ಅಂತ ಬರೆದಿದ್ರಿ. ನಾನು ಏನು ಕಾರಣ ಬರೀಲಿ ಮೇಡಂ? ಗೆಳತಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಅಂತಲಾ? ಸಹಿ ಇಲ್ಲದ ಕಾಗದ ಹಾಕಿದೆ, ಮೂರೇ ದಿನಕ್ಕೆ ಆಯ್ತು. ಮೇಲೆ ನೀರು ಹನಿಯುತ್ತೆ ನಿಜ. ಆದ್ರೆ ಅದು ನನ್ನನ್ನ ಏನೂ ಕೇಳಲ್ಲ."

ಆ ಎರಡು ಪದ ಬರೆದದ್ದು ಮೇಡಂಗೆ ನೆನಪಾಯಿತು. ಯಾರ ಅರ್ಜಿಯ ಮೇಲೆ ಬರೆದೆನೆಂದು ನೆನಪಾಗಲಿಲ್ಲ. ಎಷ್ಟೋ ಅರ್ಜಿಗಳ ಮೇಲೆ ಬರೆದಿದ್ದರು. ಬರೆಯುವುದು ಸುಲಭವಿತ್ತು. ಮುಖ ನೋಡಿ ಒಂದು ಸಲ 'ಏನಮ್ಮ ಆಯ್ತು' ಎಂದಿದ್ದರೆ ಈ ಹತ್ತು ದಿನದ ಒಂದು ದಿನವೂ ಬೇಕಿರಲಿಲ್ಲ. ಇವತ್ತಾದರೂ ಕೇಳಿದ್ದರೆ? ಬೆಳಗ್ಗೆ ಇವಳು ಬಾಯಿ ತೆರೆದಾಗ ತಾವು ಮೆಟ್ಟಿಲಿಳಿಯುತ್ತಿದ್ದರು, ಉಪಕಾರ ಮಾಡುವ ಅವಸರದಲ್ಲಿ.

ಗೇಟಿನಿಂದ ವ್ಯಾನಿನ ಹಾರನ್ನು ಕೇಳಿಸಿತು.

ಮೂರೇ ತಿಂಗಳು ಸಹಿಸಿಕೊ, ಅವಳ ಬಾಳು ಉಳಿಯುತ್ತೆ ಎಂದು ಮೇಡಂ ಬೇಡಿಕೊಂಡರು. ನನ್ನದು? ಎಂದಳು ಮೌನಿ, ಒಂದೇ ಪದ. ಹಾಗಾದರೆ ನಿಜವನ್ನೇ ಹೇಳಬೇಕು, ಬೇರೆ ದಾರಿಯಿಲ್ಲ ಎಂದು ಮೇಡಂ ದನಿ ಗಟ್ಟಿ ಮಾಡಿಕೊಂಡರು. ವಾರ್ಡನ್ ದನಿ ಅದು, ಇನ್ನೂರ ಹನ್ನೆರಡು ಜನ ಎದ್ದು ನಿಲ್ಲುವ ದನಿ.

"ಒಳಗೆ ಹೋಗು. ನೀನೇ ಹೇಳು ಅವಳಿಗೆ. ಒಂಬತ್ತು ದಿನದಿಂದ ಎಲ್ಲರ ಮುಖದಲ್ಲೂ ಹುಡುಕ್ತಿದ್ದಾಳೆ, ನಿನ್ನ ಮುಖ ಒಂದನ್ನ ಬಿಟ್ಟು."

ಒಳಗಿನಿಂದ ಗಿಣಿಯ ದನಿ ತೇಲಿಬಂತು. "ಏನೇ, ಬಂದ್ಯಾ? ಕಿಟಕಿ ಕಡೆ ತಲೆ ಹಾಕ್ತೀಯಾ, ಗೋಡೆ ಕಡೆಗಾ? ನಾನು ಎರಡೂ ಕಡೆ ಒರೆಸಿಟ್ಟಿದ್ದೀನಿ."

ಮೌನಿಯ ಕಣ್ಣು ತುಂಬಿತು. ಎದೆಗೆ ಅವುಚಿಕೊಂಡಿದ್ದ ದಿಂಬನ್ನು ನಿಧಾನವಾಗಿ ಮೇಡಂ ಕೈಯಲ್ಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದಳು.

"ಆಗಲ್ಲ ಮೇಡಂ. ಅವಳ ಮುಖ ನೋಡ್ಕೊಂಡು ಹೇಳೋ ಹಾಗಿದ್ರೆ ನಾನು ಕಾಗದ ಯಾಕೆ ಬರೀತಿದ್ದೆ? ನಾನು ಒಳಗೆ ಹೋಗಲ್ಲ."