ನೀರಿಗೆ ಬರೆದುಕೊಟ್ಟ ಬಾಂಡು

ಆಯುಷ್ಯವೆಲ್ಲ ಮಕ್ಕಳಿಗೆ ಪದಗಳ ಅರ್ಥ ಬರೆಸಿದ ಮೇಷ್ಟ್ರು ನಾನು. ಅಂಥ ನನ್ನ ಮಾನವನ್ನು ಒಂದೇ ಒಂದು ಪದ ಅರಸೀಕೆರೆಯ ಬೀದಿಯಲ್ಲಿ ಹರಾಜು ಹಾಕಿತು. ಆ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ. ಆ ಪದ ‘ಬಾಂಡು’. ಕುಡಿಯುವ ನೀರಿನ ಯೋಜನೆಗೆ ಸರ್ಕಾರ ಜನರಿಂದಲೇ ಸಾಲ ಎತ್ತುತ್ತದೆ, ಬಾಂಡು ಕೊಂಡವರಿಗೆ ಬಡ್ಡಿ ಕೊಡುತ್ತದೆ ಎಂದು ಪೇಪರಿನಲ್ಲಿ ಓದಿದ್ದೇ ತಡ, ನನ್ನೊಳಗಿನ ಸಮಾಜಸೇವಕ ಎದ್ದು ಕೂತ. (ಬಡ್ಡಿ ಎಂದರೆ ಅವನು ಬೇಗ ಏಳುತ್ತಾನೆ.) ಬ್ಯಾಂಕಿನಲ್ಲಿ ಅರ್ಜಿ ಹಾಕಿ ಬಂದು, ಇಡೀ ಊರಿಗೆ ನೀರು ಕೊಡುತ್ತಿರುವವನ ಗತ್ತಿನಲ್ಲಿ ಕಾಫಿ ಕೇಳಿದೆ.

ನನ್ನ ಹೆಂಡತಿ ಸರೋಜ ಜಾವಗಲ್ಲಿನ ತಮ್ಮನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಿಮ್ಮ ಭಾವ ನೀರಿನ ವಿಷಯಕ್ಕೆ ಬಾಂಡ್ ಮಾಡಿದ್ರು ಕಣೋ.” ನಮ್ಮ ಕಡೆ ಬಾಂಡು ಎಂದರೆ ಒಂದೇ, ತಪ್ಪು ಮಾಡಿ ಸಿಕ್ಕಿಬಿದ್ದವನು ‘ಇನ್ನು ಮಾಡುವುದಿಲ್ಲ’ ಎಂದು ಛಾಪಾ ಕಾಗದದಲ್ಲಿ ಬರೆದುಕೊಡುವ ಮುಚ್ಚಳಿಕೆ. ಮರುದಿನ ಮೊದಲ ಬಸ್ಸಿಗೇ ಬಾಮೈದ ರಂಗಪ್ಪ ಬಂದಿಳಿದ. ಅವನದು ಮೂರು ತೋಟ ದಾಟಿ ಕೇಳಿಸುವ ಗಂಟಲು. ಗೇಟಿನಿಂದಲೇ ಶುರು ಮಾಡಿದ: “ಅಯ್ಯಯ್ಯೋ ಭಾವ! ನಲ್ಲಿಗೆ ಮೋಟ್ರು ಹಾಕಿದ್ದು ಹೆಂಗ್ ಸಿಕ್ಕಾಕ್ಕೊಂತು? ಗೋಣಿಚೀಲ ಮುಚ್ಚಿಡಿ ಅಂತ ಅವತ್ತೇ ಬಡ್ಕೊಂಡಿದ್ನಲ್ಲ!”

ಗೇಟಿನ ಪಕ್ಕದಲ್ಲೇ ವಾಲ್ವ್ ತಿರುಗಿಸುತ್ತಿದ್ದ ನೀರುಗಂಟಿ ಸಿದ್ದಣ್ಣ, ನನ್ನ ಹಳೆಯ ಶಿಷ್ಯ, ತಲೆಯೆತ್ತಿ ನೋಡಿದ. ಬೀದಿ ಪೈಪಿನ ನೀರನ್ನೆಲ್ಲ ನಮ್ಮ ಮನೆಗೇ ಎಳೆಯುವ ಕಳ್ಳ ಮೋಟಾರು ಇದ್ದದ್ದೂ ನಿಜ, ಅದರ ಮೇಲೆ ಮುಚ್ಚಿದ್ದ ಗೋಣಿಚೀಲವೂ ನಿಜ. ಅವನು ಸೀದಾ ಬಂದು ಚೀಲ ಎತ್ತಿದ. “ಮೇಷ್ಟ್ರೇ, ನೀವೂನಾ? ಕೊನೇ ಮನೆ ಪುಟ್ಟಮ್ಮಜ್ಜಿ ನಲ್ಲೀಲಿ ನೀರು ಬರಲ್ಲ ಅಂತ ಬೀದಿಯೆಲ್ಲಾ ಅಗ್ದು ಸಾಕಾಗೈತೆ. ಕಳ್ಳರು ಇಲ್ಲೇ ಅವ್ರೆ!” ಕಳ್ಳ ಎಂದಾಗಲೂ ಬಹುವಚನ ಬಿಡಲಿಲ್ಲ, ವ್ಯಾಕರಣ ಕಲಿಸಿದವನು ನಾನೇ. ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಬಿಡದೆ, “ಊರಿನ ನೀರಿಗೆ ದುಡ್ಡು ಹಾಕಿದವನಯ್ಯಾ ನಾನು” ಎಂದು ಬ್ಯಾಂಕಿನ ರಸೀತಿ ತೋರಿಸಿದೆ. ಅವನು ಪೂರ್ತಿ ಓದಿ, “ಅದು ಆ ಬಾಂಡು ಸಾ. ಈಗ ಈ ಬಾಂಡು ಬರ್ಕೊಡಿ” ಎಂದ.

ಬರೆದುಕೊಟ್ಟೆ. ಮೋಟಾರೂ ಬಿಚ್ಚಿದೆ. ಸರ್ಕಾರ ನನಗೆ ಕೊಡಬೇಕಾದ ಬಾಂಡು ಇನ್ನೂ ಬಂದಿಲ್ಲ, ನಾನು ಕೊಟ್ಟದ್ದು ಮಾತ್ರ ಅಂದೇ ನಗರಸಭೆ ಆಫೀಸು ಸೇರಿತು. ಎರಡು ದಿನ ಬಿಟ್ಟು ಪುಟ್ಟಮ್ಮಜ್ಜಿ ಮನೆಗೇ ಬಂದು ಕೈಮುಗಿದಳು. “ನಲ್ಲೀಲಿ ನೀರು ಬತ್ತಾ ಐತೆ ಮೇಷ್ಟ್ರೇ. ನೀವು ಬಾಂಡ್ ಮಾಡಿದ್ದಕ್ಕಂತೆ?”

“ಹೌದಜ್ಜಿ, ಅದರಿಂದಲೇ” ಎಂದೆ. ಯಾವ ಬಾಂಡು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.