ಹಳೆಯ ಕಾರ್ಡು, ಗಿರಣಿಯ ಬ್ರಷ್ಷು

೧೯೮೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ, ಅದೂ ಅರ್ಧಕ್ಕೆ. ಈ ಮಾತಿಗೆ ಯಾರಾದರೂ ಕನಿಕರ ತೋರಿಸಿದರೆ ನನಗೆ ಸಿಟ್ಟು ಬರುತ್ತದೆ. ಸವದತ್ತಿಯಲ್ಲಿ ಮದುವೆಯ ವಿಡಿಯೋ ತೆಗೆದು, ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಮದುಮಗಳನ್ನು ಗುಲಾಬಿ ಹೂವಿನೊಳಗಿಂದ ಹೊರಗೆ ತರುವ ವಿದ್ಯೆಯನ್ನು ಯಾವ ಮಾಸ್ತರರೂ ನನಗೆ ಕಲಿಸಲಿಲ್ಲ. ಈ ಹಮ್ಮು ಇಳಿಸಲು, ಪರದೆಯ ಮೇಲೆ ಚಿತ್ರ ಮೂಡಿಸುವ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡು ಸಾಕಾಯಿತು.

ಕ್ಯಾಸೆಟ್ಟು ಹೋಗಿ ಸಿ.ಡಿ. ಬಂದ ಕಾಲ. ಯಾರೋ ಬಳಸಿ ಬಿಟ್ಟ ಕಾರ್ಡನ್ನು ಹುಬ್ಬಳ್ಳಿಯಿಂದ ತಂದು, ಕಂಪ್ಯೂಟರಿನ ಡಬ್ಬಿ ಬಿಚ್ಚಿ ನಾನೇ ಕೂರಿಸಿದೆ. ಹೊಸ ಎತ್ತು ಮನೆಗೆ ಬಂದರೆ ಸುಮ್ಮನೆ ಕಟ್ಟುತ್ತೇವೆಯೇ? ಕಾಯಿ ಒಡೆದು, ಎಲ್ಲಮ್ಮನ ಗುಡ್ಡದಿಂದ ತಂದ ಭಂಡಾರವನ್ನು, ಆ ಅರಿಶಿನಪುಡಿಯನ್ನು, ಒಂದು ಚಿಟಿಕೆ ಹಾರಿಸಿ ಕೈಮುಗಿದೆ. ಗಾಳಿಯಾಡಲೆಂದು ಡಬ್ಬಿಯ ಮುಚ್ಚಳ ಮಾತ್ರ ಮತ್ತೆ ಹಾಕಲಿಲ್ಲ. ಮಂಗಳವಾರ, ಶುಕ್ರವಾರ ತಪ್ಪದೆ ಅದೇ ಪೂಜೆ. ಕೆಲವು ವಾರ ಬಂಗಾರದಂತೆ ನಡೆಯಿತು. ಆಮೇಲೆ, ವಧುವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಪರದೆ ನೀಲಿಯಾಗಿ ಕಂಪ್ಯೂಟರ್ ಮೂರ್ಛೆ ಹೋಗತೊಡಗಿತು. ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಗಂಟೆಗೆ. ವಿಂಡೋಸ್ ಅಳಿಸಿ ಮತ್ತೆ ಹಾಕಿದೆ. ಮಾರಿದವನಿಗೆ ಫೋನಿನಲ್ಲಿ ಬೈದೆ. ಓದಿದವರು ಇಂಥಲ್ಲಿ ಕಾರಣ ಹುಡುಕುತ್ತಾರಂತೆ. ದುಡಿದು ಬಂದವನು ದುಡಿಮೆಯನ್ನೇ ಹೆಚ್ಚಿಸುತ್ತಾನೆ. ವಾರಕ್ಕೆರಡು ಸಲದ ಪೂಜೆ ದಿನಾಲೂ ಆಯಿತು, ಚಿಟಿಕೆ ಹಿಡಿಯಾಯಿತು.

ಆಗ ಕೈಯಲ್ಲಿದ್ದದ್ದು ಮುರಗೋಡದ ಒಂದು ಮದುವೆ. ಮದುಮಗಳ ಅಜ್ಜಿ ಸಿರಸಂಗಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದರಿಂದ ಮದುವೆಗೆ ಬಂದಿರಲಿಲ್ಲ. ಭಾನುವಾರ, ಮೊಮ್ಮಗಳು ಗಂಡನ ಮನೆಗೆ ಹೊರಡುವ ಮೊದಲು, ಇಬ್ಬರೂ ಕೂಡಿ ಕುಳಿತು ನೋಡಬೇಕು. ನಾನು ಎದೆ ತಟ್ಟಿ ಮಾತು ಕೊಟ್ಟಿದ್ದೆ. ಶನಿವಾರ ಮುಂಜಾನೆಗೆ ಅರ್ಧ ಮದುವೆ ಮಾತ್ರ ಮುಗಿದಿತ್ತು.

ಸಿಟ್ಟಿಗೆ ಒಂದು ದಾರಿ ಬೇಕಲ್ಲ. ನನ್ನ ಹೆಂಡತಿ ಗಂಗವ್ವ ಪಕ್ಕದ ಖೋಲಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ನಿನ್ನ ಹಿಟ್ಟಿನ ಧೂಳೇ ನನ್ನ ಕಂಪ್ಯೂಟರ್ ಕೆಡಿಸಿತು ಎಂದು ಕೂಗಾಡಿದೆ. ಅವಳು ಗಿರಣಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಡಬ್ಬಿಯ ಹತ್ತಿರ ಕಿವಿ ಇಟ್ಟಳು. ಮೋಟಾರು ಕೆಡುವ ಎರಡು ದಿನ ಮೊದಲೇ ಸಪ್ಪಳದಿಂದ ತಿಳಿಯುವ ಕಿವಿ ಅದು. ಅಂಥ ಕಿವಿಗೆ ಯಾವ ಕಾಲೇಜಿನಲ್ಲಿ ಪದವಿ ಕೊಡುತ್ತಾರೋ ಕಾಣೆ. ಕರೆಂಟು ತೆಗೆಸಿ, ಕಾರ್ಡಿನ ಮೇಲೆ ಬೆರಳಿಟ್ಟು ಚಟ್ಟನೆ ಹಿಂದೆಗೆದಳು. ಕಾದ ಹಂಚು. ಅದರ ಮೇಲಿನ ಸಣ್ಣ ಫ್ಯಾನು ಪುಡಿ ಮೆತ್ತಿಕೊಂಡು, ಬೆರಳಿನಿಂದ ನೂಕಿದರೂ ಅಲುಗಾಡದೆ ಕುಳಿತಿತ್ತು.

"ಹಿಟ್ಟು ಹಳದಿ ಇರತೈತೇನ್ರಿ?" ಎಂದಳು.

"ಕಡ್ಲಿ ಹಿಟ್ಟು ಇರತೈತಲ್ಲ," ಎಂದೆ. ಸೋಲೊಪ್ಪುವ ರೂಢಿ ನನಗಿಲ್ಲ.

"ಹಂಗಾರ ಮೂಸಿ ನೋಡ್ರಿ. ದೇವಿ ಹಣಿಗೆ ಹಚ್ಚಗೊಳ್ಳಾಕ ಕೊಟ್ಟಿದ್ದನ್ನ ನೀವು ಅದರ ಮೂಗಿನಾಗ ತುಂಬೀರಿ. ಉಸರ ಹೆಂಗಾಡಬೇಕ್ರಿ ಅದು?"

ಮೂಸಿದೆ. ಅರಿಶಿನವೇ.

ಗಿರಣಿ ಜಾಡಿಸುವ ಬ್ರಷ್ಷು ತಂದು, ಕೂಸಿನ ಕಿವಿ ಒರೆಸಿದಷ್ಟು ಹಗುರವಾಗಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟಳು. ಕರೆಂಟು ಕೊಟ್ಟೊಡನೆ ಫ್ಯಾನು ಗುಂಯ್ ಎಂದಿತು. ದೀಪ ಹಚ್ಚುವ ಹೊತ್ತಿಗೆ ಇಡೀ ಮದುವೆ ಮುಗಿದಿತ್ತು.

ಭಾನುವಾರ ಸಿ.ಡಿ. ಹಿಡಿದು ನಾನೇ ಹೋದೆ. ಸಿರಸಂಗಿಯ ಅಜ್ಜಿ, ಗುಲಾಬಿಯೊಳಗಿಂದ ಮೊಮ್ಮಗಳು ಬಂದಾಗ ಪರದೆಗೇ ದೃಷ್ಟಿ ತೆಗೆದು, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಮನೆಯಾಕೆಯೂ ಸ್ವಲ್ಪ ಕೈಹಚ್ಚಿದಳು ಎಂದು ಸೇರಿಸಿದೆ. ಆ 'ಸ್ವಲ್ಪ' ಎಂಬ ಮಾತು ಹೇಗೋ ಸವದತ್ತಿಗೆ ನನಗಿಂತ ಮೊದಲೇ ತಲುಪಿ, ಎರಡು ದಿನ ರೊಟ್ಟಿಯ ಜೊತೆ ಪಲ್ಯ ಬರಲಿಲ್ಲ.

ಈಗ ನನ್ನಲ್ಲಿ ಮೂರು ಕಂಪ್ಯೂಟರುಗಳಿವೆ, ಎರಡು ಕ್ಯಾಮೆರಾಗಳಿವೆ. ಬ್ರಷ್ಷು ಒಂದೇ, ಅದು ಅವಳದು.